ಎಡಕ್ಕೆ ನೋಡುವ ಕುದುರೆ

ಮೊಮ್ಮಗನಿಗೆ ಜೇಜುರಿಯಲ್ಲಿ ಜಾವಳ ತೆಗೆಸಿಕೊಂಡು ಮಗಳು, ಅಳಿಯ ಅಲ್ಲಿಂದ ನೇರವಾಗಿ ಪುಣೆ ಹತ್ತಿರದ ನಿಗಡಿಗೆ, ನಮ್ಮ ಮನೆಗೇ ಬಂದರು. ಖಂಡೋಬಾ ನಮ್ಮ ಮರಾಠಿ ಅಳಿಯನ ಮನೆದೇವರು. ಮೂವರ ಬಟ್ಟೆಯೂ ಭಂಡಾರದ ಅರಿಶಿನದಿಂದ ಹಳದಿಯಾಗಿತ್ತು. ಹುಡುಗನ ಬೋಳು ತಲೆಯಂತೂ ಹಣ್ಣಾದ ನಿಂಬೆಯ ಹಾಗೆ ಹೊಳೆಯುತ್ತಿತ್ತು. ನಾನು ಬಾಗಿಲಲ್ಲೇ ನಿಲ್ಲಿಸಿ ಒದ್ದೆ ಬಟ್ಟೆಯಿಂದ ಅವನ ಕಾಲು ಒರೆಸುತ್ತಿದ್ದರೆ ಅವನಿಗೆ ಅದರ ಪರಿವೆಯೇ ಇಲ್ಲ. ನನ್ನ ತಲೆಯ ಮೇಲಿಂದ ಒಳಗೆ ಕೂತ ಅಜ್ಜನನ್ನು ನೋಡುತ್ತ, "ಘೋಡಾ, ಘೋಡಾ," ಎನ್ನುತ್ತಿದ್ದ. ಗುಡ್ಡದ ಕೆಳಗೆ ಯಾರದೋ ಕುದುರೆ ಕಟ್ಟಿತ್ತಂತೆ. ಅದನ್ನು ಮನೆಗೆ ಒಯ್ಯಬೇಕೆಂದು ದಾರಿಯುದ್ದಕ್ಕೂ ಅತ್ತಿದ್ದಾನೆ.

"ಪ್ಲಾಸ್ಟಿಕ್‌ದು ತರಬ್ಯಾಡ್ರಿ ಅಪ್ಪಾ," ಎಂದಳು ಮಗಳು, ನೀರು ಕುಡಿಯುತ್ತ. "ಮನಿ ತುಂಬ ಪ್ಲಾಸ್ಟಿಕ್ ಆಗೇದ. ಕಾಲಿಟ್ರ ಏನರೆ ಚುಚ್ಚತದ. ನೀವು ಕಟ್ಟಿಗಿದು ಮಾಡಿ ಕೊಡ್ರಿ. ನಿಮಗ ಬರ್ತದಲ್ಲ."

ನನ್ನ ಗಂಡ ಒಂದು ಗಳಿಗೆ ನನ್ನ ಕಡೆ ನೋಡಿದರು. ಬೇಡ ಅನ್ನುತ್ತಾರೆ ಅಂದುಕೊಂಡೆ. ಆಮೇಲೆ ಹುಡುಗನ ತಲೆಯ ಮೇಲೆ ಕೈಯಾಡಿಸಿ, ಕೈಗೆ ಹತ್ತಿದ ಅರಿಶಿನ ನೋಡಿಕೊಳ್ಳುತ್ತ, "ನೋಡೋಣು," ಎಂದರು. ನಮ್ಮ ಮನೆಯಲ್ಲಿ ನೋಡೋಣು ಎಂದರೆ ಆಯಿತು ಎಂದೇ ಅರ್ಥ. ನಾನು ಚಹಾಕ್ಕಿಡುವ ನೆವದಲ್ಲಿ ಒಳಗೆ ಹೋದೆ.

ನನ್ನ ಗಂಡನದು ಎರಕದ ಕಾರ್ಖಾನೆಗೆ ಕಟ್ಟಿಗೆಯ ಅಚ್ಚು ಮಾಡಿಕೊಡುವ ಕಸುಬು. ಪ್ಯಾಟರ್ನ್ ಮೇಕರ್ ಎನ್ನುತ್ತಾರೆ. ಕಬ್ಬಿಣದ ಭಾಗ ಯಾವ ಆಕಾರದಲ್ಲಿ ಬೇಕೋ ಅದನ್ನು ಮೊದಲು ಕಟ್ಟಿಗೆಯಲ್ಲಿ ಮಾಡಬೇಕು. ಅದನ್ನು ಮರಳಿನಲ್ಲಿ ಒತ್ತಿ ಎತ್ತಿದರೆ ಬೀಳುವ ಗುಳಿಗೆ ಕರಗಿದ ಕಬ್ಬಿಣ ಸುರಿಯುತ್ತಾರೆ. ಈಗ ಆ ಕೆಲಸವನ್ನು ಹೆಚ್ಚಾಗಿ ಮಷೀನು ಮಾಡುತ್ತದೆ, ಇವರು ಮನೆಯಲ್ಲಿದ್ದಾರೆ. ಕಸುಬು ಹೋದರೂ ಕೈಯ ರೂಢಿ ಹೋಗಿಲ್ಲ. ಕಬ್ಬಿಣ ಆರಿದ ಮೇಲೆ ತುಸು ಕುಗ್ಗುತ್ತದೆ. ಅದಕ್ಕಾಗಿ ಇವರ ಪೆಟ್ಟಿಗೆಯ ಉಕ್ಕಿನ ಸ್ಕೇಲೇ ಬೇರೆ. ಅದರ ಇಂಚು ಅಂಗಡಿಯ ಇಂಚಿಗಿಂತ ಕೂದಲೆಳೆಯಷ್ಟು ದೊಡ್ಡದು. ಮರಳಿನಿಂದ ಸಲೀಸಾಗಿ ಎದ್ದು ಬರಲೆಂದು ಪ್ರತಿಯೊಂದು ಬದಿಯನ್ನೂ ಸ್ವಲ್ಪ ಓರೆ ಮಾಡುತ್ತಾರೆ. ಹಾಗಾಗಿ ನಮ್ಮ ಮನೆಯ ದೇವರ ಮಂಟಪ, ಕೂರುವ ಮಣೆ, ಸ್ಟೂಲು ಎಲ್ಲವೂ ಕೆಳಗೆ ಅಗಲ, ಮೇಲೆ ಸಣ್ಣ. "ಅಪ್ಪಾ, ಈ ಸ್ಟೂಲೂ ಮರಳಿನಾಗ ಒತ್ತಾವರಿದ್ದೀರೇನು," ಎಂದು ಮಗಳು ಶಾಲೆಗೆ ಹೋಗುವಾಗಿನಿಂದ ಕಾಡುತ್ತ ಬಂದಿದ್ದಾಳೆ. ಅವರು ನಗುತ್ತಾರೆ, ಮುಂದಿನದನ್ನೂ ಹಾಗೆಯೇ ಮಾಡುತ್ತಾರೆ.

ಮರುದಿನ ಬೆಳಿಗ್ಗೆ ಮಂಚದ ಕೆಳಗಿನ ಪೆಟ್ಟಿಗೆ ಹೊರಬಂತು. ನಾನು ಬಟ್ಟೆ ಒಣಹಾಕುವ ಬಾಲ್ಕನಿ ಅವರದಾಯಿತು. ಯಾರೋ ಹಳೆಯ ಬಾಗಿಲಿನ ಚೌಕಟ್ಟು ಕಿತ್ತಾಗ ಎತ್ತಿಟ್ಟುಕೊಂಡಿದ್ದ ಸಾಗವಾನಿ ತುಂಡು ಇತ್ತು. ಒಳ್ಳೆಯ ಕಟ್ಟಿಗೆ; ಬಿರುಕಿಲ್ಲ, ಗಂಟಿಲ್ಲ. ಕುದುರೆ ನಿಲ್ಲುವ ಹಲಗೆಯನ್ನು ಟಿಂಬರ್ ಅಂಗಡಿಯಲ್ಲಿ ಅಳತೆ ಹೇಳಿ ಕೊಯ್ಸಿಕೊಂಡು ಬಂದರು. ಆಮೇಲೆ ದಿನವೂ ಒಂದೇ ಕ್ರಮ. ಸ್ನಾನ, ಪೂಜೆ, ಉಪ್ಪಿಟ್ಟೋ ಅವಲಕ್ಕಿಯೋ ತಿಂದು ಕೂತರೆ ಬಿಸಿಲು ಬಾಲ್ಕನಿಯ ಕಟ್ಟೆ ದಾಟುವವರೆಗೆ ಅಲ್ಲೇ. ಉಳಿಯ ಮೇಲೆ ಕೊಡತಿ ಬೀಳುವ ಸದ್ದು, ಆಮೇಲೆ ಪಾಲಿಶ್ ಪೇಪರಿನ ಸರಸರ. ನಾನು ನಡುನಡುವೆ ಹೋಗಿ ಕಸಬರಿಗೆಯಿಂದ ಹೊಟ್ಟು ಬಳಿಯುತ್ತಿದ್ದೆ. ತುಳಸಿಯ ಎಲೆಯ ಮೇಲೂ ಪುಡಿ ಕೂತಿರುತ್ತಿತ್ತು.

ಪಕ್ಕದ ಮನೆಯ ಕಾಕು ಮರಾಠಿಯವರು. ನಾವು ಈ ಕಟ್ಟಡಕ್ಕೆ ಬಂದಾಗಿನಿಂದ ಇದ್ದಾರೆ. ತಮ್ಮ ಬಾಲ್ಕನಿಯಿಂದ ಕತ್ತು ಚಾಚಿ, "ಕಾಯ್ ಗ, ತುಝಾ ನವರಾ ಆತಾ ಸುತಾರ್ ಝಾಲಾ ಕಾ?" ಎಂದರು. ಗಂಡ ಈಗ ಬಡಗಿಯಾದನೇನು ಎಂದು ತಮಾಷೆ. ಮೊಮ್ಮಗನಿಗೆ ಆಟಿಗೆ ಎಂದು ನಾನು ಮರಾಠಿಯಲ್ಲೇ ಹೇಳಿದೆ. ಹಾಗಾದರೆ ನನ್ನ ಪಾಪಡದ ಮೇಲೆ ಬಿದ್ದ ಧೂಳು ಮಾಫ್ ಎಂದರು.

ಮೊದಲ ಕೆಲವು ದಿನ ಅದು ಕುದುರೆಯೇ ಆಗಿರಲಿಲ್ಲ. ಒಂದು ತುಂಡು, ನಾಲ್ಕು ಕಾಲಿನ ಗುರುತು. ಬೆನ್ನು ಮೂಡಿತು, ಹೊಟ್ಟೆ ಮೂಡಿತು. ಕಾಲುಗಳು ಎಂದಿನಂತೆ ಕೆಳಗೆ ಅಗಲ. ನನಗೆ ನಿರಾಳವಾಗಿತ್ತು ಎಂದೇ ಹೇಳಬೇಕು. ಯಾವ ಮಗುವಿಗಾದರೂ ಕೊಡಬಹುದಾದ ಒಂದು ಆಟಿಗೆ ಆಗುತ್ತಿದೆ ಅಂದುಕೊಂಡೆ.

ಆಮೇಲೊಂದು ದಿನ ಒಣಗಿದ ಟವೆಲ್ ತೆಗೆಯಲು ಹೋದಾಗ ಅದರ ಕತ್ತು ನೋಡಿದೆ. ಎಡಕ್ಕೆ ಹೊರಳಿತ್ತು.

ಟವೆಲ್ ಹೆಗಲ ಮೇಲೆ ಹಾಕಿಕೊಂಡು ಒಳಗೆ ಬಂದು ಮಂಚದ ಮೇಲೆ ಕೂತೆ. ಕುಕ್ಕರಿನ ಸೀಟಿ ಆಗುತ್ತಿತ್ತು. ಎಣಿಸಲಿಲ್ಲ.

ಮಗಳಿಗಿಂತ ಮುಂಚೆ ನಮಗೊಬ್ಬ ಮಗನಿದ್ದ. ಈ ಮನೆಗೆ ಬಂದ ಹೊಸತರಲ್ಲಿ ನಡೆಯಲು ಕಲಿತ. ಆಗ ಇವರಿಗೆ ಕಾರ್ಖಾನೆಯಲ್ಲಿ ಮಷೀನು ಬರುವ ಪೆಟ್ಟಿಗೆಗಳ ಕಟ್ಟಿಗೆ ಸಿಗುತ್ತಿತ್ತು. ಅದರಲ್ಲೊಂದು ಗಾಲಿಯ ಕುದುರೆ ಮಾಡಿ ತಂದಿದ್ದರು. ಆ ತುಂಡಿನಲ್ಲಿ ಸರಿಯಾಗಿ ಕತ್ತು ಬರುವಲ್ಲೇ ಒಂದು ಗಂಟಿತ್ತು. ಗಂಟು ತಪ್ಪಿಸಲೆಂದು ಕತ್ತನ್ನು ಎಡಕ್ಕೆ ಹೊರಳಿಸಿದ್ದರು. ಮಾಡಿದ ಮೇಲೆ ಅದೇ ಚಂದ ಕಂಡಿತು, ಪಕ್ಕದಲ್ಲಿ ಬರುವವರನ್ನು ನೋಡುತ್ತ ನಡೆಯುವ ಕುದುರೆಯ ಹಾಗೆ. ಹುಡುಗನೂ ಅದು ತನ್ನನ್ನೇ ನೋಡುತ್ತದೆ ಎಂದು ಹಗ್ಗ ಹಿಡಿದು ಯಾವಾಗಲೂ ಅದರ ಎಡಗಡೆಯೇ ನಡೆಯುತ್ತಿದ್ದ. ಆಗ ನೆಲಕ್ಕೆ ಶಹಾಬಾದಿ ಕಲ್ಲಿನ ಫರಸಿ ಇತ್ತು. ಅದರ ಮೇಲೆ ಗಾಲಿ ಉರುಳುವಾಗ ಒಂದು ಸದ್ದು, ಟಕ್, ಟಕ್. ನಾನು ಅಡುಗೆಮನೆಯಲ್ಲಿ ಜೋಳದ ಭಕ್ಕರಿ ಬಡಿಯುತ್ತ ಆ ಸದ್ದಿನಿಂದಲೇ ಅವನು ಎಲ್ಲಿದ್ದಾನೆಂದು ತಿಳಿಯುತ್ತಿದ್ದೆ. ಪಡಸಾಲೆಯಲ್ಲಿ ಒಂದು ಥರ, ಮಂಚದ ಕೆಳಗೆ ಇನ್ನೊಂದು ಥರ. ಸದ್ದು ನಿಂತಿತೆಂದರೆ ಏನೋ ಕಿತಾಪತಿ ನಡೆದಿದೆ ಎಂದು ಹಿಟ್ಟಿನ ಕೈಯಲ್ಲೇ ಎದ್ದು ಹೋಗುತ್ತಿದ್ದೆ.

ಮಳೆಗಾಲದಲ್ಲಿ ಜ್ವರ ಬಂತು. ಇಳಿಯಲಿಲ್ಲ.

ಅಷ್ಟು ಸಣ್ಣ ಮಕ್ಕಳನ್ನು ನಮ್ಮಲ್ಲಿ ಸುಡುವುದಿಲ್ಲ, ಮಣ್ಣಿಗೆ ಕೊಡುತ್ತಾರೆ. ಹೆಂಗಸರು ಹೋಗುವಂತಿಲ್ಲ. ಆಡುತ್ತಿದ್ದ ಸಾಮಾನನ್ನು ಜೊತೆಗೆ ಕಳಿಸಬೇಕೆಂದು ಧಾರವಾಡದಿಂದ ಬಂದ ನಮ್ಮ ಅತ್ತೆ ಹೇಳಿದರು. ಕುದುರೆಯನ್ನು ಒಂದು ಹಳೆಯ ಪಂಚೆಯಲ್ಲಿ ಸುತ್ತಿ ಬಾಗಿಲಿಂದ ಹೊರಗೆ ಒಯ್ದದ್ದನ್ನು ನಾನು ನೋಡಿದೆ. ಅದರಾಚೆ ನನಗೆ ಗೊತ್ತಿಲ್ಲ. ಮಣ್ಣಿಗೆ ಹೋದ ಸಾಮಾನಿನ ಜೋಡಿ ಮನೆಯಲ್ಲಿ ಮತ್ತೆ ಆಗಬಾರದು, ಕೊಟ್ಟದ್ದನ್ನು ತಿರುಗಿ ಕೇಳಿದ ಹಾಗೆ ಆಗುತ್ತದೆ ಎಂದು ಆಮೇಲೆ ಅತ್ತೆ ಇನ್ನೊಂದು ಮಾತು ಹೇಳಿದ್ದರು. ಮಗಳು ಹುಟ್ಟಿದಾಗ ಅದಕ್ಕೇ ಇವರು ಅವಳಿಗೆ ಬಾತುಕೋಳಿ ಮಾಡಿಕೊಟ್ಟರು, ಮೇಜು ಮಾಡಿಕೊಟ್ಟರು, ಕುದುರೆ ಮಾಡಲಿಲ್ಲ. ನಮ್ಮಿಬ್ಬರ ನಡುವೆ ಆ ಮಾತು ಅಲ್ಲಿಗೇ ನಿಂತಿದೆ. ಮಗಳಿಗೆ ಒಬ್ಬ ಅಣ್ಣ ಇದ್ದನೆಂದು ಗೊತ್ತು, ಅಷ್ಟೇ. ದೇವರ ಮಂಟಪದ ಹಿಂದೆ ಒಂದು ಫೋಟೋ ಇದೆ.

ಕತ್ತು ನೋಡಿದ ದಿನ ಊಟಕ್ಕೆ ಬಡಿಸುವಾಗ ಸುಮ್ಮನೆ ಕೇಳುವವರ ಹಾಗೆ ಕೇಳಿದೆ. "ಆನಿ ಮಾಡಿದ್ರ ಹೆಂಗರಿ? ಆನಿ ಅಂದ್ರೂ ಅಂವಗ ಪ್ರೀತಿ ಅದ."

"ಕುದರಿ ಬೇಕಂದಾನ. ಆನಿ ಕೊಟ್ರ ಬಿಡ್ತಾನೇನು?"

"ಸಣ್ಣ ಹುಡುಗರಿಗೆ ಏನ್ ತಿಳೀತದ. ಲಾರಿ ಮಾಡ್ರಿ. ಇಲ್ಲಾ ರೈಲು."

"ಸಾರು ಹಾಕು," ಎಂದರು. ತಟ್ಟೆ ನೋಡಿಕೊಂಡೇ ಉಂಡರು. ಅವರಿಗೆ ತಿಳಿದಿದೆಯೋ ಇಲ್ಲವೋ ಎಂದು ನನಗೆ ತಿಳಿಯಲಿಲ್ಲ. ಮೂವತ್ತು ವರ್ಷ ಒಂದು ತಟ್ಟೆಗೆ ಬಡಿಸಿದರೂ ಕೆಲವು ಸಲ ಹಾಗಾಗುತ್ತದೆ.

ನನ್ನ ಕಣ್ಣಿಗಷ್ಟೇ ಹಾಗೆ ಕಾಣುತ್ತಿರಬಹುದು ಅಂದುಕೊಂಡೆ. ಕುದುರೆಗೆ ಕತ್ತು ಇದ್ದೇ ಇರುತ್ತದೆ, ಎಡಕ್ಕೋ ಬಲಕ್ಕೋ ತಿರುಗಿರುತ್ತದೆ. ಆಮೇಲಿನ ದಿನಗಳಲ್ಲಿ ಬಾಲ್ಕನಿಗೆ ಹೋಗುವುದನ್ನೇ ಕಡಿಮೆ ಮಾಡಿದೆ. ಬಟ್ಟೆಯನ್ನು ಒಳಗಿನ ಹಗ್ಗದ ಮೇಲೆ ಹಾಕುತ್ತಿದ್ದೆ, ವಾಸನೆ ಬಂದರೂ ಸರಿಯೆಂದು. ಒಂದು ಬೆಳಿಗ್ಗೆ ಕಾಕು ಪಾಪಡದ ಡಬ್ಬಿ ಹಿಡಿದು ಬಂದರು. ಬಾಗಿಲಿಂದ ಬಾಲ್ಕನಿ ನೇರ ಕಾಣುತ್ತದೆ. ಇವರು ಕುದುರೆಯನ್ನು ಕಟ್ಟೆಯ ಮೇಲೆ ನಿಲ್ಲಿಸಿ ದೂರದಿಂದ ನೋಡುತ್ತಿದ್ದರು. ಕಾಕು ಡಬ್ಬಿ ಕೊಡಲು ಚಾಚಿದ ಕೈ ಹಾಗೆಯೇ ನಿಂತಿತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು, ಹೊರಗಿನಿಂದ ಯಾರಾದರೂ ದೊಡ್ಡವರು ಬಂದಾಗ ಮಾಡುವ ಹಾಗೆ. ನನ್ನ ಮುಖ ನೋಡಿದರು. ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಯಾವತ್ತೂ ಚಹಾ ಕುಡಿಯದೆ ಹೋಗದವರು, ಒಲೆಯ ಮೇಲೆ ಏನೋ ಇಟ್ಟು ಬಂದಿದ್ದೇನೆ ಎಂದು ಹೊರಟುಹೋದರು.

ಹಳೆಯ ಕುದುರೆಯನ್ನು ಅವರೂ ನೋಡಿದ್ದರು. ಅಲ್ಲಿಗೆ ನನ್ನ ಕಣ್ಣಿಗಷ್ಟೇ ಎಂಬ ಮಾತು ಮುಗಿಯಿತು.

ಗಾಲಿ ಹಾಕಿದ್ದು ಶನಿವಾರ. ಮರುದಿನ ಮಗಳು ಬರುವವಳಿದ್ದಳು. ಬೆಳಿಗ್ಗೆ ಮುಗಿಸಿಬಿಡುತ್ತೇನೆ ಎಂದು ಇವರು ಬೇಗ ಕೂತಿದ್ದರು. ನಾನು ಅಡುಗೆಮನೆಯಲ್ಲಿ ಭಕ್ಕರಿಗೆ ಹಿಟ್ಟು ನಾದಿ ಒಂದನ್ನು ಬಡಿಯುತ್ತಿದ್ದೆ. ಹೊರಗೆ ಸ್ವಲ್ಪ ಹೊತ್ತು ಏನೂ ಸದ್ದಿರಲಿಲ್ಲ. ಆಮೇಲೆ ಪಡಸಾಲೆಯಲ್ಲಿ, ಟಕ್.

ಟಕ್, ಟಕ್. ಪಡಸಾಲೆಯ ಆ ತುದಿಯಿಂದ ಈ ತುದಿಗೆ. ಗೋಡೆಯ ಹತ್ತಿರ ಬಂದು ತಿರುಗಿತು. ತಿರುಗುವಾಗ ಸದ್ದು ಒಂದರ ಮೇಲೊಂದು ಬೀಳುತ್ತದೆ, ಹಾಗೆಯೇ ಬಿತ್ತು. ಈಗ ನೆಲಕ್ಕೆ ಟೈಲ್ಸ್ ಇದೆ, ಫರಸಿ ಹೋಗಿ ಎಷ್ಟೋ ಕಾಲವಾಯಿತು. ಆದರೂ ಸದ್ದು ಅದೇ. ನನ್ನ ಕೈ ಹಿಟ್ಟಿನ ಮೇಲೆ ಹಾಗೆಯೇ ಇತ್ತು. ಹಂಚಿನ ಮೇಲಿನ ಭಕ್ಕರಿ ಸೀಯುವ ವಾಸನೆ ಬಂದರೂ ನಾನು ಹೆದರಿದ್ದು ಅದಕ್ಕಲ್ಲ. ಇನ್ನು ಈ ಸದ್ದು ನಿಲ್ಲುತ್ತದೆ, ನಿಂತ ಮೇಲೆ ನಾನು ಎದ್ದು ಹೋಗಿ ನೋಡಬೇಕು ಎಂದು.

ನಿಂತಿತು.

ಹೋದೆ. ಇವರು ಪಡಸಾಲೆಯ ನಡುವೆ ಬಗ್ಗಿ ನಿಂತಿದ್ದರು, ಕೈಯಲ್ಲಿ ಹಗ್ಗ. ಕುದುರೆ ಅವರ ಕಾಲ ಹತ್ತಿರ, ಎಡಕ್ಕೆ ನೋಡುತ್ತ. ನನ್ನನ್ನು ನೋಡಿ ಕಳ್ಳ ಸಿಕ್ಕಿಬಿದ್ದ ಹಾಗೆ ಹಗ್ಗ ಕೆಳಗಿಟ್ಟರು.

"ಸಪ್ಪಳನೂ ಅದ ಬಂತು," ಎಂದರು. ಕೂತುಕೊಂಡು ಕುದುರೆಯನ್ನು ಮಗುಚಿ ತೋರಿಸಿದರು. ಹಲಗೆ ಅಂಗಡಿಯವನ ಟೇಪಿನಲ್ಲಿ ಕೊಯ್ದದ್ದು. ಗಾಲಿ ಜೋಡಿಸುವ ಸಳಿಯನ್ನು ಇವರು ತಮ್ಮ ಸ್ಕೇಲಿನಲ್ಲಿ ಅಳೆದು ಕತ್ತರಿಸಿದ್ದಾರೆ. ಇವರ ಇಂಚು ದೊಡ್ಡದು. ಸಳಿ ಸಾಸಿವೆ ಕಾಳು ಹಿಡಿಯುವಷ್ಟು ಉದ್ದವಾಗಿದೆ. ಗಾಲಿ ಅಷ್ಟು ಸಂದಿನಲ್ಲಿ ಆಚೀಚೆ ಸರಿದು ಹಲಗೆಗೆ ಬಡಿಯುತ್ತದೆ. "ಆವಾಗನೂ ಇದ ತಪ್ಪು ಮಾಡಿದ್ದೆ. ಪೆಟ್ಟಿಗಿ ಹಲಗಿ, ಸಳಿ ನನ್ನ ಸ್ಕೇಲಿಂದು. ಅದಕ್ಕ ಹಂಗ ಬಡೀತಿತ್ತು. ಆವಾಗ ತಿಳಿದಿರಲಿಲ್ಲ. ಈಗ ತಿಳೀತು."

ಆವಾಗ ಎಂಬ ಮಾತು ನಮ್ಮ ಮನೆಯಲ್ಲಿ ಅಷ್ಟು ವರ್ಷಕ್ಕೆ ಮೊದಲ ಸಲ ಬಂತು.

ನಾನು ಒಳಗೆ ಹೋಗಿ ಗ್ಯಾಸು ಆರಿಸಿ ಬಂದೆ. ಅವರ ಎದುರಿಗೆ ನೆಲದ ಮೇಲೆ ಕೂತೆ. ಹಿಟ್ಟಿನ ಕೈ ಒಣಗುತ್ತಿತ್ತು.

"ಗೊತ್ತಿತ್ತೇನ್ರಿ ನಿಮಗ, ಅದ ಕುದರಿ ಆಗ್ಲಿಕ್ಕತ್ತದ ಅಂತ?"

"ಮೊದಲ ಗೊತ್ತಿರಲಿಲ್ಲ. ಕುತ್ತಗಿಗೆ ಬಂದಾಗ ಗೊತ್ತಾತು."

"ಮತ್ತ ನಿಲ್ಲಸಬಾರದಿತ್ತೇನು? ಈ ಕಟ್ಟಿಗಿಯೊಳಗ ಗಂಟಿಲ್ಲ. ಯಾಕ ಹೊರಳಿಸಿದ್ರಿ?"

"ನೆಟ್ಟಗ ಮಾಡಬೇಕಂತ ಗೆರಿ ಹಾಕಿದ್ದೆ. ಒರಿಸಿದೆ. ನೆಟ್ಟಗ ನೋಡಿದ್ರ ಅದು ಕುದರಿ ಅನಸಲಿಲ್ಲ ನನಗ." ಕುದುರೆಯನ್ನು ತಿರುಗಿ ನೆಟ್ಟಗೆ ನಿಲ್ಲಿಸಿ, "ನೀ ಆನಿ ಮಾಡ್ರಿ ಅಂದಾಗ ನಿನಗ ತಿಳಿದದ ಅಂತ ತಿಳೀತು," ಎಂದರು.

"ತಿಳಿದೂ ಸಾರು ಹಾಕು ಅಂದ್ರಿ."

"ಏನ್ ಅನಬೇಕಿತ್ತು?"

ಅಷ್ಟಾದ ಮೇಲೆ ನಾನು ಯಾವತ್ತೂ ಕೇಳದಿದ್ದದ್ದನ್ನು ಕೇಳಿದೆ. "ಆವತ್ತ ಖರೇನ ಇಟ್ರೇನು? ಕುದರಿ?"

"ಇಟ್ಟೆ."

"ಎಲ್ಲೆ? ಹೆಂಗ?"

ಅವರು ಕುದುರೆಯ ಹಗ್ಗವನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದರು. "ಮಗ್ಗಲದಾಗ. ಅದರ ಮಾರಿ ಅವನ ಕಡೆ ಬರೂ ಹಂಗ ಇಟ್ಟೆ. ಹಗ್ಗ ಕೈಯಾಗ ಕೊಟ್ಟೆ. ಬಿಟ್ಟು ಬಿಟ್ಟು ಬೀಳತಿತ್ತು. ಮುಷ್ಟಿ ಮಾಡಿ ಸುತ್ತಿ ಕೊಟ್ಟೆ."

ಇಷ್ಟು ಮಾತನ್ನು ಇವರು ಎಲ್ಲಿಟ್ಟುಕೊಂಡಿದ್ದರೋ. ನಾನು ಇಷ್ಟು ಕಾಲ ಪಂಚೆಯಲ್ಲಿ ಸುತ್ತಿದ ಗಂಟಿನ ಆಚೆಗೆ ಏನನ್ನೂ ಕಂಡಿರಲಿಲ್ಲ. ಈಗ ಮುಷ್ಟಿ ಕಂಡಿತು. ಕಂಡದ್ದರಿಂದ ಸಮಾಧಾನವಾಯಿತೋ ಇನ್ನಷ್ಟು ಸಂಕಟವಾಯಿತೋ ಈಗಲೂ ಹೇಳಲಾರೆ. ಕೈಗೆ ಒಣಗಿದ ಹಿಟ್ಟನ್ನು ಉಜ್ಜಿ ಉಜ್ಜಿ ತೆಗೆದೆ, ನೆಲದ ಮೇಲೆ ಉದುರಿತು.

"ಇದನ್ನ ಹುಡುಗಗ ಕೊಡೂದು ಬ್ಯಾಡ್ರಿ," ಎಂದೆ. "ಅತ್ತಿ ಹೇಳಿದ್ದು ನೆನಪದ ಅಲ್ಲ."

"ನೆನಪದ."

"ಅಂವಗ ಏನರೆ ಆದ್ರ ನನ್ನ ಕೈಲೆ ಆಗೂದಿಲ್ಲ."

"ನೀ ಹೇಳು. ಈಗ ಅಂದ್ರ ಈಗ ಕೊಯ್ತೀನಿ. ಬೆಳಿಗ್ಗೆ ಬಂದ್ರ ಆಗಿಲ್ಲ ಅಂದ್ರಾತು."

ಗರಗಸ ಅಲ್ಲೇ ಇತ್ತು. ಅವರು ಅದನ್ನು ಕೈಗೂ ತೆಗೆದುಕೊಂಡರು. ಕುದುರೆಯನ್ನು ಮೊಣಕಾಲ ನಡುವೆ ಹಿಡಿದು, ಹಲ್ಲನ್ನು ಕತ್ತಿನ ಮೇಲಿಟ್ಟು ನನ್ನನ್ನು ನೋಡಿದರು. ಹೊಸ ಪಾಲಿಶ್ ಹಚ್ಚಿದ ಮೈ ಬೆಳಕಿಗೆ ಕೆಂಪಾಗಿ ಕಾಣುತ್ತಿತ್ತು. ನನಗೆ ಕೊಯ್ಯಿರಿ ಎನ್ನುವುದೂ ಆಗಲಿಲ್ಲ, ಕೊಡಿರಿ ಎನ್ನುವುದೂ ಆಗಲಿಲ್ಲ. "ನಾಳೆ ನೋಡೋಣ್ರಿ," ಎಂದೆ. ಕುದುರೆಯನ್ನು ಬಾಲ್ಕನಿಯ ಮೂಲೆಯಲ್ಲಿಟ್ಟು ಮೇಲೆ ನನ್ನ ಹಳೆಯ ಸೀರೆ ಹೊದಿಸಿದೆ. ಹೊದಿಸುವಾಗ ಪೂರ್ತಿ ಮುಚ್ಚಿತೇ ಎಂದು ಅಂಚು ಎಳೆದು ನೋಡಿದೆ. ಆಮೇಲೆ ಸತ್ತವರಿಗೆ ಹೊದಿಸಿದ ಹಾಗಾಯಿತೆಂದು ತಿಳಿದು ಮುಖದ ಮೇಲಿನ ಸೀರೆ ಸರಿಸಿಟ್ಟೆ.

ಭಾನುವಾರ ಮಗಳ ಮನೆಯವರು ಶಿವಾಜಿನಗರದಿಂದ ಲೋಕಲ್ ಹಿಡಿದು ಆಕುರ್ಡಿಯಲ್ಲಿ ಇಳಿದು ಬಂದರು. ಹುಡುಗನಿಗೆ ರೈಲೆಂದರೆ ಪ್ರಾಣ. ಒಳಗೆ ಬಂದವನೇ ಅಜ್ಜನ ಕೈ ಹಿಡಿದು ಎಳೆಯತೊಡಗಿದ. ಆಗಿಲ್ಲ ಪುಟ್ಟಾ, ಬಣ್ಣ ಹಚ್ಚಬೇಕು ಎಂದು ಇವರು ಹೇಳುತ್ತಲೇ ಇದ್ದರು. ಮಕ್ಕಳಿಗೆ ದೊಡ್ಡವರ ಸುಳ್ಳು ಮೂಗಿನಿಂದಲೇ ತಿಳಿಯುತ್ತದೆ. ನಾನು ಶಾವಿಗೆ ಪಾಯಸಕ್ಕೆ ಹಾಲು ಕಾಯಿಸುತ್ತಿದ್ದಾಗ ಅವನು ಬಾಲ್ಕನಿಯಲ್ಲಿದ್ದ. ಸೀರೆ ಎಳೆದುಬಿಟ್ಟಿದ್ದ.

ಟಕ್, ಟಕ್.

"ಅಪ್ಪಾ, ಗಾಲಿ ಸಡ್ಲ ಅವ ಅನಸ್ತದ," ಎಂದು ಅಳಿಯ ಕಲಿತ ಕನ್ನಡದಲ್ಲಿ ನಕ್ಕರು. "ಇಷ್ಟು ವರ್ಷ ಫ್ಯಾಕ್ಟರಿಗೆ ಹಿಂಗ ಮಾಡಿ ಕೊಟ್ಟೀರೇನು?" ಇವರು ನಗಲಿಲ್ಲ. ಕಿಟಕಿಯ ಸಳಿ ಹಿಡಿದು ನಿಂತಿದ್ದರು. ನಾನು ಅಡುಗೆಮನೆಯ ಬಾಗಿಲಿಗೆ ಬಂದೆ. ಹುಡುಗ ಹಗ್ಗ ಹಿಡಿದು ಮೊದಲು ಕುದುರೆಯ ಮುಂದೆ ನಡೆದ. ಹಿಂತಿರುಗಿ ನೋಡಿದ, ಅದು ಬೇರೆ ಕಡೆ ನೋಡುತ್ತಿತ್ತು. ಸ್ವಲ್ಪ ಯೋಚಿಸಿ ಅದರ ಎಡಗಡೆಗೆ ಬಂದು ನಡೆಯತೊಡಗಿದ. ಯಾವ ಮಗುವಾದರೂ ಹಾಗೆಯೇ ಮಾಡುತ್ತಿತ್ತು. ಅದು ನನಗೂ ಗೊತ್ತು. ಹಾಲು ಉಕ್ಕಿತು.

ಸದ್ದು ಪಡಸಾಲೆ ದಾಟಿ ಮಲಗುವ ಕೋಣೆಗೆ ಹೋಯಿತು. ಅಲ್ಲಿ ನಿಂತಿತು.

ನಾನು ಓಡಿದೆ. ನನ್ನ ಹಿಂದೆಯೇ ಇವರ ಹೆಜ್ಜೆ. ಹುಡುಗ ಮಂಚದ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದ. ಕುದುರೆಯನ್ನು ಮಗ್ಗುಲಾಗಿ ಮಲಗಿಸಿ ನನ್ನ ಟವೆಲ್ ಹೊದಿಸಿದ್ದ. ತುಟಿಯ ಮೇಲೆ ಬೆರಳಿಟ್ಟು, "ಝೋಪಲಾ," ಎಂದ ಪಿಸುಮಾತಿನಲ್ಲಿ. ಮಲಗಿದೆ ಎಂದು.

ನಾನು ಟವೆಲ್ ಕಿತ್ತು ತೆಗೆದೆ. ಕೈ ಜೋರಾಯಿತೋ ಏನೋ, ಹುಡುಗ ಬೆಚ್ಚಿ ಅಳತೊಡಗಿದ. ಮಗಳು ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡಿದಳು.

"ಏನಾತವ್ವಾ? ನಿಮ್ಮಿಬ್ಬರ ಮಾರಿ ಯಾಕ ಹಿಂಗ ಆಗ್ಯಾವ?"

ಹೇಳಿದೆ. ಅಳಿಯನಿಗೆ ಹುಡುಗನನ್ನು ಕೆಳಗೆ ಒಯ್ಯಿರಿ ಎಂದು, ಬಾಗಿಲು ಎಳೆದುಕೊಂಡು, ಮಂಚದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಗಂಟಿನ ಕಟ್ಟಿಗೆ, ಸದ್ದು, ಜ್ವರ, ಅತ್ತೆಯ ಮಾತು. ಇವರು ಮುಷ್ಟಿಯ ವಿಷಯ ಹೇಳಲಿಲ್ಲ, ನಾನೂ ಹೇಳಲಿಲ್ಲ. ಮಗಳು ಕುದುರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳುತ್ತಿದ್ದಳು. ಜ್ವರದ ಮಾತು ಬಂದಾಗ ಮೆಲ್ಲಗೆ ಅದನ್ನು ತೊಡೆಯಿಂದ ಇಳಿಸಿ ನೆಲಕ್ಕಿಟ್ಟಳು. ನಾನು ನೋಡಿದೆ. ಅವಳು ಓದಿದವಳು, ಇಂಥದನ್ನೆಲ್ಲ ನಂಬುವವಳಲ್ಲ. ಕೈ ಮಾತ್ರ ಇಳಿಸಿತು.

"ಇಲ್ಲೇ ಇರಲಿ ಹಂಗಾದ್ರ," ಎಂದಳು ಮಗಳು. "ಬಂದಾಗ ಆಡ್ತಾನ."

"ಇಲ್ಲೆ ಬ್ಯಾಡ," ಎಂದೆ. ವಾರವಿಡೀ ಅದು ಈ ಮನೆಯಲ್ಲಿ ನಮ್ಮಿಬ್ಬರ ಜೊತೆ ಎಡಕ್ಕೆ ನೋಡುತ್ತ ಇರುವುದನ್ನು ನೆನೆಯಲೂ ಬೇಡವೆನಿಸಿತು. "ಒಂದು ಕೊಯ್ದು ಹಾಕಬೇಕು. ಇಲ್ಲಾ ಕೊಡಬೇಕು."

ಕೆಳಗಿನಿಂದ ಹುಡುಗ ಅಳುವುದು ಮೆಟ್ಟಿಲುದ್ದಕ್ಕೂ ಕೇಳುತ್ತಿತ್ತು. ಮಗಳು ಕಿವಿಗೊಟ್ಟು ಕೂತಿದ್ದಳು. ಆಮೇಲೆ ಜೇಜುರಿಯ ಮಾತು ತೆಗೆದಳು. ಜಾವಳ ತೆಗೆಯುವಾಗ ಹುಡುಗ ಸೋದರಮಾವನ ತೊಡೆಯ ಮೇಲೆ ಕೂರಬೇಕು. ಮರಾಠರಲ್ಲೂ ಅದೇ, ನಮ್ಮಲ್ಲೂ ಅದೇ. ಕೂದಲು ತೆಗೆಯುವವನು ಮಾಮಾ ಯಾರು, ಬನ್ನಿ ಎಂದು ಕರೆದನಂತೆ. ಯಾರೂ ಮುಂದೆ ಬರಲಿಲ್ಲ. ಅವಳ ಅತ್ತೆಯ ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಅವಳ ನಾದಿನಿಯ ಗಂಡನೇ ಕೂತು ಸುಧಾರಿಸಿದರಂತೆ. "ನಿಮಗ ಹೇಳಲಿಲ್ಲ. ಬ್ಯಾಸರಾಗ್ತದ ಅಂತ. ನನಗ ಆವತ್ತ ಮೊದಲ ಸಲ ಅನಸ್ತವ್ವಾ, ಅಂವ ಇದ್ದಿದ್ರ ಅಂತ. ಅಲ್ಲಿತನಕ ಅಂವ ಬರೇ ಫೋಟೋ ಇದ್ದ."

ಇವರು ಮುಖ ಆಚೆ ತಿರುಗಿಸಿದರು.

"ಮಾಮಾ ಏನರೆ ಕೊಡಬೇಕಲ್ಲ ಜಾವಳಕ್ಕ," ಎಂದಳು ಮಗಳು. ಕುದುರೆಯನ್ನು ನೆಲದಿಂದ ಎತ್ತಿಕೊಂಡಳು. ಈ ಸಲ ತೊಡೆಯ ಮೇಲಿಡದೆ ಎರಡೂ ಕೈಯಲ್ಲಿ ಎದೆಗೆ ಹಿಡಿದಳು. "ಕೊಟ್ಟದ್ದನ್ನ ತಿರುಗಿ ಕೇಳಬಾರದು ಅಂತ ಅಜ್ಜಿ ಅಂದಿದ್ರಲ್ಲ. ನಾವು ಕೇಳಲಿಲ್ಲವ್ವಾ. ಅಂವ ತಾನ ಕೊಟ್ಟಾನಂತ ತಿಳಿದು ಇಟ್ಕೋತೀನಿ."

ಇದು ಸರಿಯೋ ತಪ್ಪೋ ಹೇಳುವ ಹಿರಿಯರು ಈಗ ಮನೆಯಲ್ಲಿ ಯಾರೂ ಇಲ್ಲ. ಹಿರಿಯರು ನಾವೇ. ಮಗಳು ಹೆದರಿಕೆ ಹೋಗಿ ತೆಗೆದುಕೊಂಡದ್ದಲ್ಲ ಅದು, ಹೆದರಿಕೆಯ ಸಮೇತ ತೆಗೆದುಕೊಂಡದ್ದು. ಬೇಡ ಎನ್ನಲು ನನ್ನ ಬಾಯಿ ತೆರೆದಿತ್ತು. ನನ್ನ ಮಗನ ಹೆಸರಿನಿಂದ ಯಾರಿಗೂ ಏನೂ ಹೋಗಿರಲಿಲ್ಲ, ಇದುವರೆಗೆ ಒಂದು ತೆಂಗಿನಕಾಯಿಯೂ ಹೋಗಿರಲಿಲ್ಲ. ಬಾಯಿ ಮುಚ್ಚಿಕೊಂಡೆ. ಎದ್ದು ದೇವರ ಮುಂದಿನ ಕುಂಕುಮ ತಂದು ಕುದುರೆಯ ಹಣೆಗೆ ಹಚ್ಚಿದೆ. ಉಡುಗೊರೆಗೆ ಹಚ್ಚುತ್ತಾರಲ್ಲ, ಹಾಗೆ.

ಇವರು ಪೆಟ್ಟಿಗೆ ತೆರೆದು ತಗಡಿನ ಒಂದು ವಾಶರ್ ತೆಗೆದರು. "ಇದನ್ನೊಂದು ಹಾಕಿ ಕೊಡ್ತೀನಿ. ಸಪ್ಪಳ ಹೋಗ್ತದ."

ನಾನು ಹೂಂ ಎನ್ನುವವಳಿದ್ದೆ. ಮಗಳೇ ಬೇಡವೆಂದಳು. "ಇರಲಿ ಅಪ್ಪಾ. ಅಂವ ಎಲ್ಲಿದ್ದಾನ ಅಂತ ನನಗ ತಿಳೀತದ."

ಮುಷ್ಟಿಯೊಂದನ್ನು ಬಿಟ್ಟು ನಾನು ಅವಳಿಗೆ ಎಲ್ಲವನ್ನೂ ಹೇಳಿದ್ದೆ. ಸದ್ದಿನಿಂದಲೇ ಮಗ ಎಲ್ಲಿದ್ದಾನೆಂದು ನಾನು ತಿಳಿಯುತ್ತಿದ್ದುದನ್ನೂ ಹೇಳಿದ್ದೆ.

ಸಂಜೆಯ ಲೋಕಲ್ಲಿಗೆ ಹೊರಟರು. ಹುಡುಗ ಕುದುರೆಯನ್ನು ಯಾರ ಕೈಗೂ ಕೊಡಲಿಲ್ಲ, ಮೆಟ್ಟಿಲ ಮೇಲೂ ತಾನೇ ಅಪ್ಪಿಕೊಂಡು ಇಳಿದ. ಕಾಕು ತಮ್ಮ ಬಾಗಿಲಿಗೆ ಬಂದು ನಿಂತು ನೋಡಿದರು. ಹುಡುಗ ಹತ್ತಿರ ಬಂದಾಗ ಅವನ ತಲೆ ಸವರಿ, ಬೆರಳ ತುದಿಯಿಂದ ಕುದುರೆಯನ್ನೂ ಮುಟ್ಟಿದರು. ಇವರು ಬಾಲ್ಕನಿಯ ಹೊಟ್ಟನ್ನೆಲ್ಲ ತಾವೇ ಗುಡಿಸಿ ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿದರು. ಮನೆ ತೀರ ಸಪ್ಪಗಾಯಿತು.

ಈಗ ಮಧ್ಯಾಹ್ನದ ಹೊತ್ತಿಗೆ ಮಗಳು ಫೋನು ಮಾಡುತ್ತಾಳೆ. ಮನೆಯಿಂದಲೇ ಕೆಲಸ ಮಾಡುವ ದಿನ ಊಟದ ಬಿಡುವಿನಲ್ಲಿ. ಫೋನನ್ನು ಅಡುಗೆಕಟ್ಟೆಯ ಮೇಲೆ ಸ್ಪೀಕರಿಗೆ ಹಾಕಿ, ಒಗ್ಗರಣೆ ಹಾಕುತ್ತ ಮಾತಾಡುತ್ತಾಳೆ. ಹಿಂದೆ ಎಲ್ಲೋ, ಟಕ್, ಟಕ್. ಕೆಳಗಿನ ಮನೆಯವರು ಒಮ್ಮೆ ಕೇಳಿದರಂತೆ, ಏನದು ಸದ್ದು ಎಂದು. ಮೊನ್ನೆ ಹೀಗೆಯೇ ಮಾತಾಡುತ್ತಿದ್ದಳು. ನವಣೆ ಅಕ್ಕಿಯ ಉಪ್ಪಿಟ್ಟು ಮುದ್ದೆಯಾಗುತ್ತದೆ, ನೀರು ಎಷ್ಟು ಹಾಕಬೇಕು ಎಂದು. ನಾನು ಮೊದಲು ಹುರಿದುಕೋ ಎನ್ನುತ್ತಿದ್ದೆ. ಸದ್ದು ನಿಂತಿತು. ಮಗಳ ಮಾತೂ ನಿಂತಿತು. ಸೌಟು ಬಾಣಲೆಗೆ ತಾಗುತ್ತಿದ್ದದ್ದೂ ನಿಂತಿತು. ಈ ಕಡೆ ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದೆ. ನನ್ನ ಎದುರಿಗೆ ಪೇಪರು ಓದುತ್ತಿದ್ದ ಇವರು ತಲೆಯೆತ್ತಿ ನನ್ನ ಮುಖ ನೋಡುತ್ತಿದ್ದರು. ಅವಳು ಎದ್ದು ಹೋಗುವ ಚಪ್ಪಲಿಯ ಸಪ್ಪಳ ಕೇಳಿತು. ಆಮೇಲೆ ದೂರದಲ್ಲಿ ಅವಳು ಹುಡುಗನಿಗೆ ಏನೋ ಅಂದದ್ದು, ಅವನು ಮರಾಠಿಯಲ್ಲಿ ಏನೋ ವಾದ ಮಾಡಿದ್ದು.

ಟಕ್, ಎಂದಿತು.

"ಹೂಂ, ಹೇಳವ್ವಾ," ಎಂದಳು ತಿರುಗಿ ಬಂದು. ಅವಳ ಉಸಿರು ಸ್ವಲ್ಪ ಏರಿತ್ತು. "ಎಷ್ಟೊತ್ತು ಹುರೀಬೇಕು?"